ಇಪ್ಪತ್ತನಾಲ್ಕು ಗ್ರೋ ಬ್ಯಾಗ್, ನಾಲ್ಕು ಬಗೆಯ ಶಿಲೀಂಧ್ರ: ಕೊಡಗಿನ ಒಂದು ಪ್ರಕರಣ ಅಧ್ಯಯನ

ಗೋಣಿಕೊಪ್ಪದಿಂದ ತುಸು ದೂರದ ಒಂದು ಮನೆಯ ಅಂಗಳ. ಗೋಡೆಗೆ ಒತ್ತಿಕೊಂಡಂತೆ ಇಳಿಜಾರಾದ ಪಾಲಿಥಿನ್ ಚಾವಣಿ, ಅದರಡಿ 12 ಇಂಚು ಅಗಲ, 12 ಇಂಚು ಎತ್ತರದ 24 ಗ್ರೋ ಬ್ಯಾಗ್. 14ರಲ್ಲಿ ಹಸಿಮೆಣಸು, 6ರಲ್ಲಿ ಬದನೆ, 4ರಲ್ಲಿ ಟೊಮೆಟೊ. ಮಣ್ಣು ಪೂರ್ತಿ ಮನೆಯಲ್ಲೇ ಮಾಡಿದ್ದು. ಜುಲೈ ಮೊದಲ ವಾರದಲ್ಲಿ ನೋಡಿದಾಗ ಎಲ್ಲ ಚೀಲಗಳ ಮೇಲೂ ಬಿಳಿ ಬೂಷ್ಟು ಹಾಸಿತ್ತು. ಏಳೆಂಟು ಚೀಲಗಳಲ್ಲಿ ನಿಂಬೆ ಹಳದಿ ಬಣ್ಣದ ಪುಟ್ಟ ಅಣಬೆ ಕೊಡೆಗಳು. ಗಿಡ ಅಲುಗಿಸಿದರೆ ಬುಡದಿಂದ ಎದ್ದು ಹಾರುವ ಸಣ್ಣ ಕಪ್ಪು ನೊಣ. ಗೋಡೆ ಬದಿಯ ಐದು ಚೀಲಗಳಲ್ಲಿ ಮಾತ್ರ, ಮಣ್ಣು ಒದ್ದೆಯಿದ್ದರೂ ಗಿಡ ಬಾಡಿ ನಿಂತಿತ್ತು.

ಮನೆಯವರ ತೀರ್ಮಾನ ಸರಳವಾಗಿತ್ತು. ಬೂಷ್ಟು ಬಂತು, ಗಿಡ ಸತ್ತಿತು, ಇಪ್ಪತ್ತನಾಲ್ಕನ್ನೂ ತೋಡಿಗೆ ಸುರಿದು ಅಂಗಡಿಯಿಂದ ಮಣ್ಣು ತರುವುದು. ಹತ್ತೊಂಬತ್ತು ಚೀಲಗಳ ಮಟ್ಟಿಗೆ ಈ ತೀರ್ಮಾನ ತಪ್ಪು. ಉಳಿದ ಐದರ ಮಟ್ಟಿಗೆ ಅಪಾಯಕಾರಿ, ಏಕೆಂದರೆ ಆ ಐದರ ಮಣ್ಣು ತೋಡಿಗೆ ಬಿದ್ದರೆ ನೀರಿನ ಜೊತೆ ಕೆಳಗಿನ ಗದ್ದೆಗೆ ಹೋಗಿ ಕೂರುತ್ತದೆ.

ಮಿಶ್ರಣದಲ್ಲಿ ಏನಿತ್ತು

ಮೇ 3ರಂದು ಮಿಶ್ರಣ ಮಾಡಿದ್ದರು. 15 ಲೀಟರ್ ಬಕೆಟ್ ಲೆಕ್ಕದಲ್ಲಿ ಕಾಫಿ ಸಿಪ್ಪೆ 12, ತೋಟದ ಅಂಚಿನ ಕಾಡುಮಣ್ಣು 9, ಕೊಟ್ಟಿಗೆ ಗೊಬ್ಬರ 6, ತೆಂಗಿನ ನಾರಿನ ಪುಡಿ 3. ಒಟ್ಟು 30 ಬಕೆಟ್. ಅದಕ್ಕೆ ಬೇವಿನ ಹಿಂಡಿ 6 ಕೆಜಿ, ಕಡಲೆಕಾಯಿ ಹಿಂಡಿ 3 ಕೆಜಿ. ಮರಳು ಒಂದು ಬೊಗಸೆಯೂ ಇಲ್ಲ.

ಕಾಫಿ ಸಿಪ್ಪೆ ಎರಡು ತಿಂಗಳು ಶೆಡ್ಡಿನ ಮೂಲೆಯಲ್ಲಿ ಒಣಗಿಯೇ ಬಿದ್ದಿದ್ದದ್ದು. ಬಣ್ಣ ಕಪ್ಪಾಗಿತ್ತು, ಆದ್ದರಿಂದ 'ಕಳಿತಿದೆ' ಎಂದುಕೊಂಡರು. ಬೆರಳಿನಲ್ಲಿ ಉಜ್ಜಿದರೆ ಸಿಪ್ಪೆ ಸಿಪ್ಪೆಯಾಗಿಯೇ ಉಳಿಯುತ್ತಿತ್ತು, ಪುಡಿಯಾಗುತ್ತಿರಲಿಲ್ಲ. ಕಪ್ಪಾಗುವುದು ಬೇರೆ, ಕಳಿಯುವುದು ಬೇರೆ. ಒಣ ಸಿಪ್ಪೆಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಜೊತೆಗೆ ಕೆಫೀನ್, ಟ್ಯಾನಿನ್‌ನಂಥ ಅಂಶಗಳು ಎಳೆ ಬೇರಿಗೆ ಒಗ್ಗುವುದಿಲ್ಲ. ಕೊಟ್ಟಿಗೆ ಗೊಬ್ಬರಕ್ಕೂ ಎರಡೇ ತಿಂಗಳು ಆಗಿತ್ತು, ಒಳಗೆ ಹುಲ್ಲಿನ ಕಡ್ಡಿ ಹಾಗೆಯೇ ಕಾಣುತ್ತಿತ್ತು.

ಹೀಗೆ 30 ಬಕೆಟ್‌ನಲ್ಲಿ 21 ಬಕೆಟ್ ಸಾವಯವ ವಸ್ತು, ಅದರಲ್ಲಿ ಹೆಚ್ಚಿನ ಪಾಲು ಅರೆಬೆಂದದ್ದು. ಕೊಡಗಿನ ಕಾಫಿ ನರ್ಸರಿಗಳಲ್ಲಿ ಚೀಲ ತುಂಬುವ ಹಳೆಯ ಅಳತೆಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬೇಕು: ಜರಡಿ ಹಿಡಿದ ಕಾಡುಮಣ್ಣು 6, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 2, ಸಣ್ಣ ಮರಳು 1. ಒಂಬತ್ತರಲ್ಲಿ ಎರಡೇ ಪಾಲು ಗೊಬ್ಬರ, ಅದೂ ಕಳಿತದ್ದು. ಹಿತ್ತಲಿನಲ್ಲೇ ಇದ್ದ ಸೂತ್ರವಿದು. 'ಮಣ್ಣು ಹಗುರ ಇರಬೇಕು' ಎಂಬ ಈಚಿನ ಮಾತಿಗೆ ಮರುಳಾಗಿ ಅದನ್ನು ಕೈಬಿಟ್ಟಿದ್ದರು. ಮಹಡಿ ಮೇಲೆ ಹಗುರ ಮಣ್ಣು ಬೇಕು ನಿಜ, ಅಂಗಳದಲ್ಲಿ ಭಾರ ಇದ್ದರೆ ಯಾರಿಗೆ ತೊಂದರೆ?

ಮೇ 3ರಿಂದ ಜುಲೈ 2ರವರೆಗೆ

ಮಿಶ್ರಣ ಕಲಸಿದ ದಿನವೇ 1 ಕೆಜಿ ಟ್ರೈಕೋಡರ್ಮಾ ಪುಡಿ (ರೋಗದ ಶಿಲೀಂಧ್ರಗಳನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರ) ಬೆರೆಸಿ ಗೋಣಿ ಮುಚ್ಚಿದ್ದರು. ಒಳ್ಳೆಯ ಕೆಲಸವೇ. ವಾರದೊಳಗೆ ರಾಶಿಯ ಮೇಲೆ ಬಿಳಿ ಪದರ ಬಂತು, ಮತ್ತೆರಡು ದಿನಕ್ಕೆ ಅದು ದಟ್ಟ ಹಸಿರು ಪುಡಿಯಂತಾಯಿತು. ಹಾಕಿದ ಟ್ರೈಕೋಡರ್ಮಾ ಹಿಡಿದುಕೊಂಡಿದೆ ಎನ್ನುವುದಕ್ಕೆ ಇದೇ ಗುರುತು: ಮೊದಲು ಬಿಳಿ, ಆಮೇಲೆ ಹಸಿರು. ಮನೆಯವರು ಹಸಿರು ಕಂಡು ಹೆದರಿದರು. ಕಾಳುಮೆಣಸಿನ ಬಳ್ಳಿಗೆಂದು ಮಾಡಿ ಎರಡು ದಿನ ಉಳಿದಿದ್ದ ಶೇಕಡಾ 1ರ ಬೋರ್ಡೋ ದ್ರಾವಣವನ್ನು (ಮೈಲುತುತ್ತ, ಸುಣ್ಣದಿಂದ ಮಾಡುವ ಶಿಲೀಂಧ್ರನಾಶಕ) ರಾಶಿಗೆ ಸುರಿದರು. ಬೋರ್ಡೋ ಮಾಡಿದ ದಿನವೇ ಮುಗಿಸಬೇಕಾದದ್ದು. ಹಳಸಿದ ದ್ರಾವಣ ರೋಗ ತಡೆಯುವಷ್ಟು ಕೆಲಸ ಮಾಡುವುದಿಲ್ಲ, ಆದರೆ ಅದರ ತಾಮ್ರ ಮಣ್ಣಿನಲ್ಲಿ ಹಾಗೆಯೇ ಕೂರುತ್ತದೆ. ಕಾವಲಿಗೆ ಬಿಟ್ಟ ನಾಯಿಗೆ ತಾವೇ ಕಲ್ಲು ಹೊಡೆದಂತಾಯಿತು.

ಮೇ 20ಕ್ಕೆ ಚೀಲ ತುಂಬಿದರು, ಚೀಲಕ್ಕೆ ಸುಮಾರು 18 ಲೀಟರ್. ಮೇ 24ರಂದು ಸಸಿ ನೆಟ್ಟರು. ಮಳೆ ಹಿಡಿದ ಮೇಲೆ, ಜೂನ್ 5ರ ಸುಮಾರಿಗೆ ಬಿಳಿ ಬೂಷ್ಟು, ಆಮೇಲೆ ಹಳದಿ ಅಣಬೆ. ಜೂನ್ ಮಧ್ಯದಲ್ಲಿ ಮಣ್ಣು ಎರಡರಿಂದ ಮೂರು ಇಂಚು ಕುಸಿಯಿತು.

ಇಡೀ ಪ್ರಕರಣದ ಗಂಟು ಈ ಕುಸಿತದಲ್ಲಿದೆ. ಕಳಿತ ಗೊಬ್ಬರದ ಮಿಶ್ರಣ ನೀರು ಕುಡಿದು ಅರ್ಧ, ಮುಕ್ಕಾಲು ಇಂಚು ಕೂರುತ್ತದೆ. ನಾಲ್ಕು ವಾರದಲ್ಲಿ ಮೂರು ಇಂಚು ಕುಸಿದರೆ ಚೀಲದೊಳಗೆ ಗೊಬ್ಬರ ಆಗುವ ಕೆಲಸ ಇನ್ನೂ ನಡೆಯುತ್ತಿದೆ ಎಂದರ್ಥ. ಮನೆಯವರು ಹೆಚ್ಚು ಕುಸಿದ ಐದು ಚೀಲಗಳಿಗೆ ಜೂನ್ 18ರಂದು ಹಿತ್ತಲಿನ ಮಡಿಯಿಂದ ಮಣ್ಣು ತಂದು ತುಂಬಿಸಿದರು. ಆ ಮಡಿಯಲ್ಲಿ ಹಿಂದಿನ ವರ್ಷ ಟೊಮೆಟೊ ಬುಡ ಕೊಳೆತು ಹೋಗಿತ್ತು. ತುಂಬಿದ ಮಣ್ಣು ಕಾಂಡದ ಬುಡವನ್ನು ಎರಡಿಂಚು ಮುಚ್ಚಿತು. ಮೇಲೆ ಸಿಲ್ವರ್ ಓಕ್‌ನ ತರಗೆಲೆ ಹೊದಿಕೆ. ಸರಿಯಾಗಿ ಎರಡು ವಾರಕ್ಕೆ, ಜುಲೈ 2ರಂದು, ಅದೇ ಐದು ಬಾಡಿದವು.

ಸ್ಥಳದಲ್ಲೇ ಮಾಡಿದ ಪರೀಕ್ಷೆಗಳು

ಪ್ರಯೋಗಾಲಯ ಬೇಕಾಗಲಿಲ್ಲ. ಚಾಕು, ಗಾಜಿನ ಲೋಟ, ಥರ್ಮಾಮೀಟರ್, ಆಲೂಗಡ್ಡೆ, ಮೂಲಂಗಿ ಬೀಜ ಸಾಕಾದವು.

ಬಾಡಿದ ಗಿಡಕ್ಕೆ ಮೊದಲು ಲೋಟದ ಪರೀಕ್ಷೆ. ಬುಡದ ಮೇಲಿನ ಕಾಂಡವನ್ನು ಎರಡಿಂಚು ಉದ್ದ ಕತ್ತರಿಸಿ, ತಿಳಿನೀರಿನಲ್ಲಿ ತುದಿ ಮಾತ್ರ ಮುಳುಗುವಂತೆ ಹಿಡಿಯಬೇಕು. ಐದಾರು ನಿಮಿಷದಲ್ಲಿ ಹಾಲಿನಂಥ ಎಳೆ ಇಳಿದರೆ ಅದು ದುಂಡಾಣು ಸೊರಗು ರೋಗ. ಶುಂಠಿ ಬೆಳೆಯುವ ಊರಿನಲ್ಲಿ ಈ ಅನುಮಾನ ಮೊದಲು ಬರಲೇಬೇಕು. ಇಲ್ಲಿ ನೀರು ತಿಳಿಯಾಗಿಯೇ ಉಳಿಯಿತು.

ಆಮೇಲೆ ಬುಡದ ಮಣ್ಣನ್ನು ಬೆರಳಿನಿಂದ ಸರಿಸಿ ನೋಡಲಾಯಿತು. ಮಣ್ಣಿನ ಮಟ್ಟದಲ್ಲಿ ಕಾಂಡದ ಸಿಪ್ಪೆ ಕಂದಾಗಿ ಕೊಳೆತಿತ್ತು. ಅದರ ಸುತ್ತ ರೇಷ್ಮೆ ನೂಲಿನಂತೆ ಹೊಳೆಯುವ ಬಿಳಿ ಎಳೆ ಬೀಸಣಿಗೆಯಾಕಾರದಲ್ಲಿ ಹರಡಿ, ಕಾಂಡದ ಮೇಲಕ್ಕೂ ಹತ್ತಿತ್ತು. ನಡುನಡುವೆ ಸಾಸಿವೆ ಕಾಳಿನಷ್ಟು ಗುಂಡುಗಳು, ಕೆಲವು ಬಿಳಿ, ಕೆಲವು ಕಂದು. ಈ ಗುಂಡುಗಳೇ ಬುಡ ಕೊಳೆಸುವ ಶಿಲೀಂಧ್ರ ಸ್ಕ್ಲೆರೋಷಿಯಂ ರಾಲ್ಫ್ಸಿಯ ಸಹಿ. ಗುರುತು ಗಟ್ಟಿ ಮಾಡಿಕೊಳ್ಳಲು ಬುಡದ ತುಂಡನ್ನು ಒದ್ದೆ ಕಾಗದದಲ್ಲಿ ಸುತ್ತಿ ಮುಚ್ಚಳದ ಡಬ್ಬಿಯಲ್ಲಿ ನಾಲ್ಕು ದಿನ ಇಟ್ಟಾಗ ಹೊಸ ಗುಂಡುಗಳು ಮೂಡಿದವು. ಈ ಶಿಲೀಂಧ್ರಕ್ಕೆ ಬೆಚ್ಚನೆಯ ತೇವ ಬೇಕು. ಮಳೆಗಾಲದ ಕಕ್ಕಡ ಮಾಸದ ತಂಪಿನಲ್ಲಿ ಬಯಲಿನಲ್ಲಿ ಅಷ್ಟಾಗಿ ಏಳದು, ಆದರೆ ನಾಲ್ಕೂವರೆ ಅಡಿ ಎತ್ತರದ ಪಾಲಿಥಿನ್ ಚಾವಣಿಯಡಿ ಗಾಳಿಯಾಡದೆ ಮಧ್ಯಾಹ್ನದ ಬಿಸಿ 28 ಡಿಗ್ರಿ ದಾಟುತ್ತಿತ್ತು.

ಉಳಿದ 19 ಚೀಲಗಳ ಬಿಳಿ ಬೂಷ್ಟು ನೋಟಕ್ಕೇ ಬೇರೆ: ಹತ್ತಿಯಂತೆ ಉಬ್ಬಿದ್ದು, ಸಿಪ್ಪೆ ಚೂರುಗಳಿಗೆ ಅಂಟಿಕೊಂಡದ್ದು, ಕಾಂಡದಿಂದ ಒಂದು ಬೆರಳು ದೂರದಲ್ಲೇ ನಿಂತದ್ದು, ಗುಂಡುಗಳಿಲ್ಲದ್ದು. ಬೇರು ಬಿಡಿಸಿ ನೋಡಿದರೆ ಬೆಳ್ಳಗೆ ಗಟ್ಟಿಯಾಗಿತ್ತು. ಸತ್ತ ವಸ್ತುವನ್ನು ತಿಂದು ಬದುಕುವ ಶಿಲೀಂಧ್ರವಿದು. ಹಳದಿ ಕೊಡೆ ಲ್ಯೂಕೋಕೊಪ್ರೈನಸ್ ಬಿರ್ನ್‌ಬೌಮೈ, ಕುಂಡಗಳಲ್ಲಿ ಎಲ್ಲ ಕಡೆ ಕಾಣುವಂಥದ್ದು. ಗಿಡಕ್ಕೆ ಏನೂ ಮಾಡದು, ತಿಂದವರ ಹೊಟ್ಟೆ ಕೆಡಿಸುತ್ತದೆ. ಮಳೆಗಾಲದಲ್ಲಿ ಕುಮ್ಮು (ಕಾಡಿನ ಅಣಬೆ) ಆಯ್ದು ತಂದು ಸಾರು ಮಾಡುವ ಊರು ಇದಾದ್ದರಿಂದ ಒತ್ತಿ ಹೇಳಬೇಕು: ಚೀಲದಲ್ಲಿ ಎದ್ದ ಅಣಬೆ ಒಲೆಗೆ ಹೋಗಕೂಡದು, ಮಕ್ಕಳ ಕೈಗೂ ಸಿಗಕೂಡದು.

ಹಾಗಾದರೆ ಆ 19ರಲ್ಲಿ ತೊಂದರೆಯೇ ಇರಲಿಲ್ಲವೇ? ಇತ್ತು, ಆದರೆ ರೋಗದ್ದಲ್ಲ. ಅರ್ಧ ಲೀಟರ್ ನೀರು ಹೊಯ್ದರೆ ಬೂಷ್ಟಿನ ಹೊದಿಕೆಯ ಮೇಲೆ ಮಣಿಮಣಿಯಾಗಿ ನಿಂತು, ಅಂಚಿನಿಂದ ಜಾರಿ ಚೀಲದ ಗೋಡೆಗುಂಟ ಇಳಿದುಬಿಡುತ್ತಿತ್ತು. ಒಂದು ಚೀಲವನ್ನು ಉದ್ದಕ್ಕೆ ಸೀಳಿ ನೋಡಿದಾಗ ನಡುವೆ ತೆಂಗಿನಕಾಯಿ ಗಾತ್ರದ ಒಣ ಉಂಡೆ, ತಳದ ಒಂದಿಂಚು ಕೆಸರು. ಶಿಲೀಂಧ್ರದ ಎಳೆ ಒತ್ತಾಗಿ ಹೆಣೆದಾಗ ನೀರನ್ನು ಹತ್ತಿರ ಸೇರಿಸುವುದಿಲ್ಲ. ಚೀಲಕ್ಕೆ ನಾಲ್ಕೇ ತೂತು, ಅವೂ ತಳದಿಂದ ಒಂದಿಂಚು ಮೇಲೆ ಬದಿಯಲ್ಲಿ, ಅಡಿಯಲ್ಲಿ ಪ್ಲಾಸ್ಟಿಕ್ ತಟ್ಟೆ. ಹೊರಗೆ ಮಳೆ ಸುರಿಯುತ್ತಿದ್ದಾಗ ಗಿಡ ಬಾಯಾರಿ ನಿಂತದ್ದು ಹೀಗೆ.

ನಡುಮಣ್ಣಿನ ಬಿಸಿ ಹೊರಗಿನ ಗಾಳಿಗಿಂತ 6 ಡಿಗ್ರಿ ಹೆಚ್ಚಿತ್ತು, ಮೂಗಿಗೆ ತುಸು ಅಮೋನಿಯಾ ಹೊಡೆಯುತ್ತಿತ್ತು. ಅಮೋನಿಯಾ ಹಿಂಡಿಯದು. ಕಡಲೆಕಾಯಿ ಹಿಂಡಿಯಲ್ಲಿ ಸಾರಜನಕ ಸುಮಾರು ಶೇಕಡಾ 7, ಬೇವಿನದರಲ್ಲಿ 4ರಿಂದ 5. ಚೀಲವೊಂದಕ್ಕೆ 375 ಗ್ರಾಂ ಹಸಿ ಹಿಂಡಿ ಬಿದ್ದಿತ್ತು. ಹಿಂಡಿ ಕೊಳೆತಲ್ಲಿ ಸಾರಜನಕ ಉಕ್ಕುತ್ತದೆ, ಸಿಪ್ಪೆ ಕೊಳೆಯುವಲ್ಲಿ ಅದನ್ನು ಶಿಲೀಂಧ್ರವೇ ಹಿಡಿದಿಟ್ಟುಕೊಳ್ಳುತ್ತದೆ. ಒಂದೇ ಗಿಡದಲ್ಲಿ ಸುಟ್ಟ ಬೇರುತುದಿಯೂ ಹಳದಿಯಾದ ಕೆಳಎಲೆಯೂ ಕಂಡದ್ದು ಇದರಿಂದಲೇ. ಉಳಿದಿದ್ದ ಮಿಶ್ರಣದಲ್ಲಿ 20 ಮೂಲಂಗಿ ಬೀಜ, ತೊಳೆದ ಮರಳಿನಲ್ಲಿ 20 ಬಿತ್ತಿದಾಗ ಮರಳಿನಲ್ಲಿ 18, ಮಿಶ್ರಣದಲ್ಲಿ 9 ಮೊಳೆತವು. ಈ ಪರೀಕ್ಷೆಯನ್ನು ಮೇ ತಿಂಗಳಲ್ಲಿ, ಚೀಲ ತುಂಬುವ ಮೊದಲು ಮಾಡಿದ್ದರೆ ಐದು ದಿನದ ಖರ್ಚಿನಲ್ಲಿ ಎರಡು ತಿಂಗಳು ಉಳಿಯುತ್ತಿತ್ತು.

ನೊಣಗಳು ಸಿಯಾರಿಡ್ ಜಾತಿಯವು. ಆಲೂಗಡ್ಡೆಯ ಬಿಲ್ಲೆಯನ್ನು ಮಣ್ಣಿಗೆ ಒತ್ತಿಟ್ಟು ಮೂರನೇ ದಿನ ಮಗುಚಿದರೆ ಕರಿತಲೆಯ ಪಾರದರ್ಶಕ ಹುಳು. ಬೂಷ್ಟನ್ನೂ ತಿನ್ನುತ್ತವೆ, ಎಳೆ ಬೇರನ್ನೂ ಕಡಿಯುತ್ತವೆ.

ಮಾಡಿದ ಉಪಚಾರ

ಐದು ಚೀಲಗಳನ್ನು ಅಲುಗಿಸದೆ ಗಿಡ ಸಮೇತ ಪ್ಲಾಸ್ಟಿಕ್ ಹೊದಿಕೆಯೊಳಗೆ ಇಳಿಸಿ ಹೊರಗೆ ಒಯ್ಯಲಾಯಿತು. ಗಿಡಗಳನ್ನು ಒಣಗಿಸಿ ಸುಟ್ಟರು, ಗೊಬ್ಬರದ ಗುಂಡಿಗೆ ಹಾಕಲಿಲ್ಲ. ಮಣ್ಣು, ಸುಮಾರು 90 ಲೀಟರ್, ಮುಚ್ಚಳದ ಡ್ರಮ್ಮಿಗೆ. ಚೀಲ, ಕೈಗುದ್ದಲಿ, ಕತ್ತರಿ ತೊಳೆದು ಒಂದು ಪಾಲು ಬ್ಲೀಚಿಂಗ್ ದ್ರಾವಣಕ್ಕೆ ಒಂಬತ್ತು ಪಾಲು ನೀರಿನಲ್ಲಿ ಅರ್ಧ ಗಂಟೆ. ಅವು ನಿಂತ ಜಾಗದ ಮೇಲ್ಮಣ್ಣನ್ನು ಕೆರೆದು ಅದೇ ಡ್ರಮ್ಮಿಗೆ ಸೇರಿಸಿದರು.

ಉಳಿದ 19ಕ್ಕೆ ಶಿಲೀಂಧ್ರನಾಶಕ ಕೊಡಲಿಲ್ಲ. ಊಟ ಇರುವ ತನಕ ಉಣ್ಣುವವರು ಬರುತ್ತಲೇ ಇರುತ್ತಾರೆ. ಔಷಧಿ ಹೊಡೆದರೆ ಒಂದು ಶಿಲೀಂಧ್ರ ಸತ್ತು ಖಾಲಿ ಜಾಗಕ್ಕೆ ಇನ್ನೊಂದು ಬರುತ್ತದೆ, ಬರುವುದು ಒಳ್ಳೆಯದೇ ಎಂಬ ಖಾತರಿ ಇಲ್ಲ. ಅರಿಸಿನ ಪುಡಿ, ಬೂದಿ ಉದುರಿಸುವುದರಿಂದ ಮೇಲಿನ ಅರ್ಧ ಇಂಚು ಚೆನ್ನಾಗಿ ಕಾಣುತ್ತದೆ, ಅಷ್ಟೇ.

ಮೊದಲು ನೀರಿನ ದಾರಿ. ತಟ್ಟೆ ತೆಗೆದು, ಕಾದ ಕಂಬಿಯಿಂದ ಪ್ರತಿ ಚೀಲದ ತಳದಲ್ಲೇ 8 ಮಿಲಿಮೀಟರ್‌ನ ಎಂಟು ತೂತು ಮಾಡಿ, ಚೀಲಗಳನ್ನು ಎರಡೆರಡು ಇಟ್ಟಿಗೆ ಮೇಲೆ, ಒಂದಡಿ ಅಂತರದಲ್ಲಿ ಇಟ್ಟರು. ಚಾವಣಿಯನ್ನು ಏಳಡಿಗೆ ಎತ್ತಿ ಎರಡೂ ಬದಿ ತೆರೆದರು. ಆಮೇಲೆ ಬೂಷ್ಟಿನ ಹೊದಿಕೆಯನ್ನು ಕೈಮುಳ್ಳಿನಿಂದ ಒಂದಿಂಚು ಆಳಕ್ಕೆ ಒಡೆದು, ಗಟ್ಟಿ ಚಕ್ಕೆಗಳನ್ನು ಎತ್ತಿದರು. ಈ ಕೆಲಸ ಮಣ್ಣು ಒದ್ದೆಯಿದ್ದಾಗ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಮಾಡಬೇಕು. ಒಣ ಬೂಷ್ಟಿನ ಪುಡಿ ಉಬ್ಬಸ ಇರುವವರಿಗೆ ಆಗದು. ಒಳಗಿನ ಒಣ ಉಂಡೆಗೆ ಪೆನ್ಸಿಲ್ ದಪ್ಪದ ಕಡ್ಡಿಯಿಂದ ಆರು ಕಡೆ ಒಂದು ಗೇಣು ಆಳ ಚುಚ್ಚಿ, ಅರ್ಧ ಲೀಟರ್‌ನಂತೆ ಹತ್ತು ನಿಮಿಷದ ಅಂತರದಲ್ಲಿ ಮೂರು ಸಲ ನೀರು ಕೊಟ್ಟರು. ಒಂದೇ ಸಲ ಒಂದೂವರೆ ಲೀಟರ್ ಹೊಯ್ದರೆ ಮತ್ತೆ ಗೋಡೆಗುಂಟ ಜಾರಿಹೋಗುತ್ತದೆ.

ಮೇಲೆ ಅರ್ಧ ಇಂಚು ದಪ್ಪ ಮರಳು ಹರಡಿದ್ದು ಎರಡು ಕೆಲಸಕ್ಕೆ: ಮೇಲ್ಭಾಗ ಬೇಗ ಒಣಗಿದರೆ ನೊಣ ಮೊಟ್ಟೆಯಿಡದು, ಬೂಷ್ಟೂ ಹೊದಿಕೆ ಕಟ್ಟದು. ಜೊತೆಗೆ ನಾಲ್ಕು ಹಳದಿ ಅಂಟುಕಾರ್ಡ್ ತೂಗುಹಾಕಿದರು. ತರಗೆಲೆ ಹೊದಿಕೆಯನ್ನು ಕಾಂಡದಿಂದ ನಾಲ್ಕು ಬೆರಳು ಸರಿಸಿದರು.

ಹಳದಿಯಾದ ಎಲೆಗೆ ಜೀವಾಮೃತ ಕೊಡುವ ಯೋಚನೆ ಮನೆಯವರಿಗಿತ್ತು. ಬೇಡವೆನ್ನಲಾಯಿತು. ಅದರಲ್ಲಿ ಬೆಲ್ಲವೂ ದ್ವಿದಳ ಹಿಟ್ಟೂ ಇದೆ, ಈಗ ಹಾಕಿದರೆ ಶಿಲೀಂಧ್ರಕ್ಕೆ ಹಬ್ಬದೂಟ. ಅದರ ಬದಲು ಅಮೋನಿಯಾ ವಾಸನೆ ಪೂರ್ತಿ ಹೋದ ಮೇಲೆ, ಒಂದು ಪಾಲು ಗಂಜಲಕ್ಕೆ ಹತ್ತು ಪಾಲು ನೀರು ಬೆರೆಸಿ ಚೀಲಕ್ಕೆ 200 ಮಿಲಿಲೀಟರ್, ಹತ್ತು ದಿನಕ್ಕೊಮ್ಮೆ, ಮೂರು ಸಲ. ಟ್ರೈಕೋಡರ್ಮಾವನ್ನು ಮತ್ತೆ ಕೊಡಲಾಯಿತು, ಬೋರ್ಡೋ ಬಿದ್ದು ಏಳು ವಾರ ಕಳೆದಿದ್ದರಿಂದ ಅಡ್ಡಿಯಿರಲಿಲ್ಲ. ಈ ಸಲ ಪುಡಿಯನ್ನು ನೇರ ಚೆಲ್ಲದೆ, ಚೆನ್ನಾಗಿ ಕಳಿತ ಗೊಬ್ಬರ 9 ಕೆಜಿ, ಬೇವಿನ ಹಿಂಡಿ 1 ಕೆಜಿ, ಟ್ರೈಕೋಡರ್ಮಾ 100 ಗ್ರಾಂ ಕಲಸಿ, ನೆರಳಿನಲ್ಲಿ ಒದ್ದೆ ಗೋಣಿಯಡಿ 15 ದಿನ ಇಟ್ಟು, ಐದು ದಿನಕ್ಕೊಮ್ಮೆ ಮಗುಚಿ, ಹಸಿರು ಕಂಡ ಮೇಲೆ ಚೀಲಕ್ಕೆ ಎರಡು ಮುಷ್ಟಿ.

ಫಲ ಪೂರ್ತಿ ಸಿಹಿಯಾಗಿರಲಿಲ್ಲ. ಹನ್ನೆರಡನೇ ದಿನ ಆರನೆಯ ಚೀಲವೊಂದು, ಸತ್ತ ಐದರ ಪಕ್ಕದಲ್ಲಿದ್ದದ್ದು, ಅದೇ ರೀತಿ ಬಾಡಿತು. ಅಂಗಳದ ಇಳಿಜಾರಿನಲ್ಲಿ ಆ ಐದರಿಂದ ಬಸಿದ ನೀರು ಇದರ ತಳಕ್ಕೆ ಹರಿಯುತ್ತಿದ್ದುದನ್ನು ಮೊದಲೇ ಗಮನಿಸಬೇಕಿತ್ತು. ಉಳಿದ 18ರಲ್ಲಿ ಮೂರು ವಾರಕ್ಕೆ ಹೊಸ ಎಲೆ ಹಸಿರಾಗಿ ಬಂತು, ಬಿಳಿ ಹೊದಿಕೆ ಮತ್ತೆ ಕಟ್ಟಲಿಲ್ಲ. ಹಳದಿ ಅಣಬೆ ಆಗಸ್ಟ್‌ನಲ್ಲಿ ಇನ್ನೆರಡು ಸಲ ಎದ್ದಿತು. ಕೊಡೆ ಬಿಚ್ಚುವ ಮೊದಲೇ ಕಿತ್ತು ಹೂತದ್ದು ಬಿಟ್ಟರೆ ಅದಕ್ಕೆ ಬೇರೇನೂ ಮಾಡಲಿಲ್ಲ.

ಮುಂದಿನ ಮಣ್ಣಿಗೆ ಗೊತ್ತುಮಾಡಿದ ಅಳತೆ

ಕಾಫಿ ಸಿಪ್ಪೆ ಬಿಡಬೇಕಾಗಿಲ್ಲ, ಕಳಿಸಬೇಕು. ಹಿಂದಿನ ಕೊಯ್ಲಿನ ಸಿಪ್ಪೆಯನ್ನು ಡಿಸೆಂಬರ್‌ನಲ್ಲೇ ಸಗಣಿ ನೀರಿನಲ್ಲಿ ಕಲಸಿ, ಮೂರಡಿ ಉದ್ದ, ಅಗಲ, ಎತ್ತರಕ್ಕೆ ಕಡಿಮೆಯಿಲ್ಲದ ರಾಶಿ ಹಾಕಬೇಕು. ಅದಕ್ಕಿಂತ ಸಣ್ಣ ರಾಶಿ ಒಳಗೆ ಕಾಯುವುದಿಲ್ಲ. ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಲ್ಲಿ ತೇವ ಮಿನುಗಬೇಕು, ಹನಿ ಬೀಳಬಾರದು. ನಡುವಿನ ಬಿಸಿ 55ರಿಂದ 65 ಡಿಗ್ರಿಗೆ ಏರಿ ಇಳಿಯತೊಡಗಿದಾಗ ಮಗುಚುವುದು, ಸುಮಾರು 15 ದಿನಕ್ಕೊಮ್ಮೆ. ಮಗುಚಿದರೂ ಬಿಸಿ ಏರದ ಹಂತ ಬಂದ ಮೇಲೆ ಇನ್ನೂ ಒಂದು ತಿಂಗಳು ಬಿಡಬೇಕು, ಆತುರದವರು ತಪ್ಪುವುದು ಈ ಕೊನೆಯ ತಿಂಗಳಿನಲ್ಲಿ. ಏಪ್ರಿಲ್ ಕೊನೆಗೆ ಮಣ್ಣಿನ ವಾಸನೆಯ ಕಪ್ಪು ಪುಡಿ ಸಿಗುತ್ತದೆ.

ತರಕಾರಿ ಚೀಲಕ್ಕೆ: ಜರಡಿ ಹಿಡಿದ ಕಾಡುಮಣ್ಣು 4, ಈ ಸಿಪ್ಪೆ ಗೊಬ್ಬರವೂ ಹಳೆಯ ಕೊಟ್ಟಿಗೆ ಗೊಬ್ಬರವೂ ಸೇರಿ 3, ದಪ್ಪ ಮರಳು 2, ಸುಟ್ಟ ಭತ್ತದ ಹೊಟ್ಟು 1. ಎಂ ಸ್ಯಾಂಡ್ ಆದರೆ ತೊಳೆದು ದೂಳು ತೆಗೆಯಬೇಕು, ಇಲ್ಲವಾದರೆ ಅದು ಸಿಮೆಂಟಿನಂತೆ ಕಟ್ಟಿಕೊಳ್ಳುತ್ತದೆ. ಹಿಂಡಿ ಬೇಕೆಂದರೆ ಚೀಲಕ್ಕೆ 50 ಗ್ರಾಂ ಬೇವಿನದು ಮಾತ್ರ, ಅದೂ ಸಸಿ ನೆಡುವ ಮೂರು ವಾರ ಮೊದಲು ಬೆರೆಸಿದ್ದು. ಮಣ್ಣು ಕುಸಿದರೆ ತುಂಬಿಸಲು ಇದೇ ಮಿಶ್ರಣದ ಎರಡು ಬಕೆಟ್ ಮೊದಲೇ ಎತ್ತಿಡುವುದು. ಹಿತ್ತಲ ಮಡಿಯ ಮಣ್ಣು ಚೀಲಕ್ಕೆ ಬರಬಾರದು.

ಡ್ರಮ್ಮಿನಲ್ಲಿದ್ದ ರೋಗದ ಮಣ್ಣಿಗೆ, ಆರನೆಯ ಚೀಲದ್ದೂ ಸೇರಿ ನೂರೆಂಟು ಲೀಟರ್, ಎರಡು ದಾರಿ ಇದ್ದವು. ಒಂದು ಹಬೆ: ತಳದಲ್ಲಿ ಗೇಣುದ್ದ ನೀರು, ಮೇಲೆ ಇಟ್ಟಿಗೆ, ಅದರ ಮೇಲೆ ಗೋಣಿಯಲ್ಲಿ ಒದ್ದೆ ಮಣ್ಣು, ನಡುವಿನ ಬಿಸಿ 70 ಡಿಗ್ರಿ ಮುಟ್ಟಿದ ಮೇಲೆ ಅರ್ಧ ಗಂಟೆ. 80 ದಾಟಿಸಿ ಹೆಚ್ಚು ಹೊತ್ತು ಬೇಯಿಸಿದರೆ ಇಲ್ಲಿನ ಹುಳಿ ಕೆಂಪುಮಣ್ಣಿನಿಂದ ಮ್ಯಾಂಗನೀಸ್ ಅತಿಯಾಗಿ ಬಿಡುಗಡೆಯಾಗಿ ಗಿಡಕ್ಕೆ ವಿಷವಾಗಬಹುದು. ಇನ್ನೊಂದು ಬಿಸಿಲು. ಜುಲೈನಲ್ಲಿ ಕೊಡಗಿನಲ್ಲಿ ಬಿಸಿಲನ್ನು ನೆಚ್ಚುವಂತಿಲ್ಲ, ಆದ್ದರಿಂದ ಮನೆಯವರು ಡ್ರಮ್ಮಿನ ಮೇಲೆ ಬಣ್ಣದಲ್ಲಿ 'ರೋಗದ ಮಣ್ಣು' ಎಂದು ಬರೆದು ಫೆಬ್ರವರಿಗೆ ಕಾದರು. ಆಗ ಕಾಫಿ ಒಣಗಿಸುವ ಕಣದ ಒಂದು ಮೂಲೆಯಲ್ಲಿ, ಕೆಳಗೊಂದು ಪಾಲಿಥಿನ್ ಹಾಸಿ, ಮಣ್ಣನ್ನು ಒದ್ದೆ ಮಾಡಿ ಆರಿಂಚು ದಪ್ಪಕ್ಕೆ ಹರಡಿ, ಮೇಲೆ ಪಾರದರ್ಶಕ ಪಾಲಿಥಿನ್ ಬಿಗಿದು, ನಾಲ್ಕೂ ಅಂಚಿಗೆ ಮರಳಿನ ಚೀಲ ಹೇರಿದರು. ಆರು ವಾರ ಬಿಚ್ಚಲಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ನಡುವೆ ಒಮ್ಮೆ ಬಂದರೂ ಅಂಚು ಬಿಗಿಯಾಗಿದ್ದರಿಂದ ನೀರು ಒಳಗಿಳಿಯಲಿಲ್ಲ. ಬಿಚ್ಚಿದ ಮೇಲೆ ಮತ್ತೆ 20 ಮೂಲಂಗಿ ಬೀಜ, ಜೊತೆಗೆ ಎರಡು ಟೊಮೆಟೊ ಸಸಿ. ತಿಂಗಳು ಕಳೆದರೂ ಸಸಿಗಳ ಬುಡದಲ್ಲಿ ಸಾಸಿವೆ ಗುಂಡು ಕಾಣಲಿಲ್ಲ. ಆದರೂ ಆ ಮಣ್ಣನ್ನು ಮೆಣಸಿಗಾಗಲಿ ಟೊಮೆಟೊಗಾಗಲಿ ಕೊಡದೆ, ಗೇಟಿನ ಬಳಿಯ ಕ್ರೋಟನ್ ಕುಂಡಗಳಿಗೆ ತುಂಬಿಸಿದರು.